ಮೂರನೇ ಮಂಚದ ಮಗು ಯಾರದು

ಒಂಬತ್ತು ವರ್ಷ ನಾನು ತಾಯಿಜ್ ಊರಿನ ಒಂದು ಆಸ್ಪತ್ರೆಯಲ್ಲಿ ಕಸ ಗುಡಿಸಿದೆ. ಮಕ್ಕಳ ಐಸಿಯು ನನ್ನ ಪಾಲಿನದು. ಎಂಟು ಮಂಚ. ರಕ್ತ ಒರೆಸಿದೆ, ವಾಂತಿ ಒರೆಸಿದೆ, ಹೇಲು ಬಳಿದೆ. ಸತ್ತ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿನ ತಣ್ಣನೆ ಕೋಣೆಗೆ ಎತ್ತಿಕೊಂಡು ಹೋಗುವುದೂ ನನ್ನ ಕೆಲಸವೇ. ಬದುಕಿರುವ ಮಗುವನ್ನು ನಾನು ಮುಟ್ಟಬಾರದು. ಸತ್ತ ಮೇಲೆ ಮುಟ್ಟಬಹುದು.

ನನ್ನ ಹೆಸರು ಖುಬೂಲ್. ಅಲ್ಲಿ ಆ ಹೆಸರು ಗೊತ್ತಿದ್ದದ್ದು ಇಬ್ಬರು ಮೂವರಿಗೆ. ಉಳಿದವರಿಗೆ ನಾನು ಖಾದಿಮಾ. ಅರಬ್ಬಿಯಲ್ಲಿ ಆಳು ಎಂದರ್ಥ. ಊರ ಕಸ ಬಳಿಯುವ ನಮ್ಮ ಜನಕ್ಕೆಲ್ಲ ಅದೊಂದೇ ಹೆಸರು. ಹುಟ್ಟುವ ಮೊದಲೇ ಇಟ್ಟಿರುತ್ತಾರೆ.

ಯಂತ್ರದ ಪೈಪುಗಳನ್ನು ತೊಳೆಯುವವಳೂ ನಾನೇ. ಬೇರೆ ದೇಶಗಳಲ್ಲಿ ಒಂದು ಮಗುವಿಗೆ ಬಳಸಿದ್ದನ್ನು ಬಿಸಾಡುತ್ತಾರಂತೆ. ನಮ್ಮಲ್ಲಿ ತೊಳೆಯುತ್ತಾರೆ. ಸೋಪಿನ ನೀರಿನಲ್ಲಿ ಉಜ್ಜಬೇಕು. ಕ್ಲೋರಿನ್ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಬೇಕು. ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಕಣ್ಣು ಉರಿಯುತ್ತದೆ. ಮೂಗು ಸೋರುತ್ತದೆ. ಅಭ್ಯಾಸವಾಗುತ್ತದೆ.

ಶುರೂಖ್ ನನ್ನ ಮಗಳು. ಆಗ ಎರಡು ವರ್ಷ. ದಡಾರ ಬಂತು, ಎದೆಗಿಳಿಯಿತು. ಒಂದು ಬೆಳಿಗ್ಗೆ ಅವಳ ತುಟಿ ನೀಲಿಯಾಯಿತು. ನಾನೂ ನನ್ನ ಗಂಡ ಅಯ್ಯಾಶನೂ ಅವಳನ್ನೆತ್ತಿಕೊಂಡು ಓಡಿದೆವು. ಗೇಟಿನ ಕಾವಲಿನವನು, ಒಂಬತ್ತು ವರ್ಷದಿಂದ ನನ್ನನ್ನು ದಿನಾ ನೋಡುವವನು, ಅಡ್ಡ ನಿಂತ.

"ಜಾಗ ಇಲ್ಲ. ಬೇರೆ ಕಡೆ ಹೋಗಿ."

ಡಾಕ್ಟರ್ ಬುಶ್ರಾ ಆಗಷ್ಟೇ ಕೆಲಸಕ್ಕೆ ಬರುತ್ತಿದ್ದರು. ಮಗುವಿನ ಮುಖ ನೋಡಿದ್ದೇ ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಓಡಿದರು. ಹಾಗೆ ಸಿಕ್ಕಿತು ಮೂರನೇ ಮಂಚ. ಗಂಟಲಿಗೆ ಪೈಪು ಇಳಿಸಿ ವೆಂಟಿಲೇಟರಿಗೆ ಹಾಕಿದರು.

ಆ ದಿನವೇ ಹೆಡ್ ನರ್ಸ್ ಸಬ್ರಿಯಾ ನನ್ನನ್ನು ಬಾಗಿಲ ಮರೆಗೆ ಕರೆದಳು.

"ನೋಡೇ ಖುಬೂಲ್, ಡಾಕ್ಟರು ಒಳಗೆ ತಂದಾಯ್ತು, ನಾನೇನೂ ಅನ್ನಲ್ಲ. ಆದ್ರೆ ಇದು ನಿನ್ನ ಮಗು ಅಂತ ಯಾರ ಹತ್ರಾನೂ ಬಾಯಿ ಬಿಡ್ಬೇಡ. ಪಕ್ಕದ ಮಂಚದೋರಿಗೆ ಗೊತ್ತಾದ್ರೆ ರಂಪ ಮಾಡ್ತಾರೆ. ಗುಡಿಸೋ ಹೊತ್ತಲ್ಲಿ ನೋಡ್ಕೋ. ಅಷ್ಟೆ."

"ಆಗ್ಲಿ ಸಿಸ್ಟರ್. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಹರಸಿದೆ ಕೂಡ. ನೆನೆದರೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸುತ್ತದೆ.

ಆರು ದಿನ ನನ್ನ ಮಗಳ ಮಂಚದ ಸುತ್ತ ನೆಲ ಒರೆಸಿದೆ. ಬೇರೆ ತಾಯಂದಿರು ಮಕ್ಕಳ ಕಾಲು ಒತ್ತುತ್ತಿದ್ದರು. ನಾನು ಮಂಚದ ಕಾಲು ಒರೆಸುತ್ತಿದ್ದೆ.

ಮಂಗಳವಾರ ಡಾಕ್ಟರ್ ಬುಶ್ರಾ ಅವಳ ಗಂಟಲಿನ ಪೈಪು ತೆಗೆದರು. ಶುರೂಖ್ ಕೆಮ್ಮಿದಳು, ಅತ್ತಳು. ಅಳು ಕಂಡಿತೇ ಹೊರತು ಕೇಳಿಸಲಿಲ್ಲ. ಆರು ದಿನ ಪೈಪು ಉಜ್ಜಿ ದನಿ ಹೋಗಿತ್ತು. ಡಾಕ್ಟರು ಅವಳ ಎರಡು ಹೊಳ್ಳೆಗೂ ಮೆತ್ತನೆಯ ಕವಲು ಪೈಪು ಸೇರಿಸಿ ಟೋಪಿಗೆ ಬಿಗಿದರು. ಪೈಪಿನ ಒಂದು ಕಡೆಯಿಂದ ಆಕ್ಸಿಜನ್. ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಗೆರೆ ಹಾಕಿದಷ್ಟು ಆಳಕ್ಕೆ ಮುಳುಗಿಸಿದರು. ನೀರು ಬುಳುಬುಳು ಎಂದಿತು.

ಯಾರೂ ಹತ್ತಿರ ಇಲ್ಲದಾಗ ನನಗೆ ಹೇಳಿದರು. "ಇಷ್ಟು ದಿನ ಉಸಿರಾಡೋ ಕೆಲಸ ಯಂತ್ರ ಮಾಡ್ತು ಖುಬೂಲ್. ಈಗ ಒಂದೇ ಸಲ ನೀನೇ ಮಾಡ್ಕೋ ಅಂದ್ರೆ ಮಗು ಸೋತು ಹೋಗತ್ತೆ. ಎದೆ ಒಳಗೆ ಮುದುಡಿಬಿಡತ್ತೆ. ಅದಕ್ಕೇ ಮೂಗಿಂದ ಗಾಳಿ ಒತ್ತಿ ಕೊಡ್ತಿದೀವಿ. ಎರಡು ದಿನ ಬೇಕು. ನಾಳೆ ನಾನು ಹಳ್ಳಿ ಕ್ಯಾಂಪಿಗೆ ಹೋಗ್ತೀನಿ, ನಾಡಿದ್ದು ಬರ್ತೀನಿ. ಅಲ್ಲೀ ತನಕ ಇದನ್ನ ಯಾರೂ ತೆಗೀಬಾರ್ದು. ಫೈಲಲ್ಲೂ ಬರೆದಿದೀನಿ."

"ಗುಳ್ಳೆ ನಿಂತ್ರೆ ಕೂಗ್ತೀನಿ ಡಾಕ್ಟ್ರಮ್ಮ," ಎಂದೆ. ಅವರು ತಿರುಗಿ ನನ್ನನ್ನು ನೋಡಿದರು. ಗುಳ್ಳೆ ನಿಂತರೆ ಗಾಳಿ ನಿಂತಂತೆ ಎಂಬುದು ನನಗೆ ಗೊತ್ತಿರಬಹುದೆಂದು ಅವರೂ ಎಣಿಸಿರಲಿಲ್ಲ.

ಬುಧವಾರ ಬೆಳಿಗ್ಗೆ ನಾಲ್ಕನೇ ಮಂಚದ ಅಜ್ಜಿ ನನ್ನನ್ನು ಕರೆದಳು. ಹಜ್ ಯಾತ್ರೆ ಮಾಡಿ ಬಂದವಳು, ಎಲ್ಲರ ಬಾಯಲ್ಲೂ ಹಜ್ಜಾ. ಅವಳ ಮೊಮ್ಮಗ ಅಸೀಲ್, ಮೂರು ವರ್ಷದವನು, ಹಿಂದಿನ ದಿನವೇ ವೆಂಟಿಲೇಟರಿನಿಂದ ಹೊರಬಂದಿದ್ದ. ಮಾಮೂಲಿ ಆಕ್ಸಿಜನ್ ಪೈಪು ಸಾಕೆಂದು ಡಾಕ್ಟರು ಹೇಳಿದ್ದರು. ಸಾಕೂ ಆಗಿತ್ತು. ಹಾಲು ಕುಡಿಯುತ್ತಿದ್ದ, ಹೊದಿಕೆ ಒದೆಯುತ್ತಿದ್ದ. ಅವನ ಅಜ್ಜ ದೊಡ್ಡ ಶೇಖ್. ಕೆಳಗೆ ಅಂಗಳದಲ್ಲಿ ಅವರ ಆಳುಗಳು ಬಂದೂಕು ಹಿಡಿದು ಕೂತಿದ್ದರು.

"ಏ ಹುಡುಗಿ, ಆ ಮಗೂಗೆ ಬುಳುಬುಳು ಅನ್ನೋದು ಹಾಕಿದಾರಲ್ಲ, ನಮ್ಮ ಅಸೀಲ್‌ಗೆ ಯಾಕೆ ಇಲ್ಲ?"

"ನಂಗೊತ್ತಿಲ್ಲ ಹಜ್ಜಾ. ನಾನು ನೆಲ ಒರೆಸೋಳು."

"ಯಾರ ಮಗು ಅದು? ಕಪ್ಪಗಿದೆ. ತಿಹಾಮಾ ಕರಾವಳಿ ಕಡೆ ವ್ಯಾಪಾರಸ್ಥರದಾ?"

ಶುರೂಖ್ ನನ್ನನ್ನೇ ನೋಡುತ್ತಿದ್ದಳು. ತುಟಿ ಆಡಿಸಿದಳು. ದನಿ ಬರಲಿಲ್ಲ. ಏನೆಂದಳೆಂದು ನನಗೆ ಗೊತ್ತಾಯಿತು.

"ಗೊತ್ತಿಲ್ಲ ಹಜ್ಜಾ."

"ತಾಯಿ ಇಲ್ವಾ? ಬೆಳಿಗ್ಗೆಯಿಂದ ಒಬ್ರೂ ಬಂದು ನೋಡಿಲ್ಲ."

"ಇಲ್ಲ ಅನ್ಸತ್ತೆ," ಎಂದು ಬಕೀಟಿನ ಕಡೆ ಬಗ್ಗಿ ಬಟ್ಟೆ ಹಿಂಡಿದೆ.

ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದೆ. ತಲೆ ಎತ್ತಲು ಆಗಲಿಲ್ಲ.

ಅಜ್ಜಿ ಫೋನು ತೆಗೆದಳು. ಶೇಖರು ಆಸ್ಪತ್ರೆಯ ದೊಡ್ಡ ಸಾಹೇಬರಿಗೆ ಹೇಳಿದರು. ದೊಡ್ಡ ಸಾಹೇಬರು ಸಬ್ರಿಯಾಗೆ ಹೇಳಿದರು. ಸಬ್ರಿಯಾ ನನ್ನ ಬಳಿ ಬಂದಳು. ಹೇಳುವುದಕ್ಕೆ ಅವಳಿಗೆ ನಾನಿದ್ದೆ. ನನ್ನ ಕೆಳಗೆ ಯಾರೂ ಇರಲಿಲ್ಲ.

"ಖುಬೂಲ್, ಮೂರನೇ ಮಂಚದ್ದು ತೆಗಿ. ತೊಳೆದು ತಾ. ನಾಲ್ಕನೇ ಮಂಚಕ್ಕೆ ಹಾಕ್ಬೇಕು."

"ಸಿಸ್ಟರ್, ತೆಗೀಬಾರ್ದು ಅಂತ ಡಾಕ್ಟ್ರಮ್ಮ ಫೈಲಲ್ಲಿ ಬರೆದವ್ರೆ."

"ಫೈಲು ಓದೋಳು ನಾನೋ ನೀನೋ? ಸಾಹೇಬ್ರ ಮಾತು. ಇನ್ನೊಂದು ಸೆಟ್ಟು ಎಳೇಕೂಸಿಗೆ ಹಾಕಿದೀವಿ, ಮೂರನೇದಿಲ್ಲ. ಇದಕ್ಕೆ ಮಾಮೂಲಿ ಪೈಪ್ ಹಾಕ್ತೀನಿ. ಸಾಯಲ್ಲ."

"ನಾನೇ ತೆಗೀಬೇಕಾ?"

"ಮತ್ತಿನ್ಯಾರು? ದಿನಾ ತೊಳೆಯೋಳು ಯಾರು?" ಆಮೇಲೆ ದನಿ ತಗ್ಗಿಸಿದಳು. "ನನ್ನ ಕೈಯಲ್ಲಿ ಮಾಡಿಸ್ಬೇಡ ಕಣೇ. ಕೆಳಗೆ ಬಂದೂಕು ಹಿಡ್ಕೊಂಡು ಕೂತವ್ರೆ. ನಂಗೂ ಮಕ್ಕಳಿವೆ."

ಮೂರನೆಯದು ಇತ್ತು. ಅದು ನನಗೆ ಗೊತ್ತಿತ್ತು. ಸಾಹೇಬರ ಕೋಣೆಯ ಹಿಂದಿನ ಉಗ್ರಾಣವನ್ನು ತಿಂಗಳಿಗೊಮ್ಮೆ ಗುಡಿಸುವವಳು ನಾನು. ಮೇಲಿನ ಹಲಗೆಯಲ್ಲಿ ಒಂದು ಪೆಟ್ಟಿಗೆ. ಅದರ ಮೇಲೆ ಮಗುವಿನ ಚಿತ್ರ, ಮೂಗಿನಲ್ಲಿ ಇದೇ ಪೈಪು. ಓದು ಬಾರದವಳಿಗೂ ಅರ್ಥವಾಗುವ ಚಿತ್ರ. ಬಾಯಿ ಬಿಟ್ಟರೆ ಮೊದಲ ಪ್ರಶ್ನೆ, ನಿಂಗೆ ಹೇಗೆ ಗೊತ್ತು? ಎರಡನೆಯದು, ಇನ್ನೇನೇನು ಕದ್ದಿದೀಯ? ಹತ್ತಿ ಕಳೆದರೂ ನಮ್ಮ ಬಟ್ಟೆ ಜಾಡಿಸುವ ಜಾಗ ಅದು. ನಾನು ಬಾಯಿ ಬಿಡಲಿಲ್ಲ. ಕಳ್ಳಿ ಎನ್ನಿಸಿಕೊಳ್ಳುವ ಭಯಕ್ಕೆ ಮಗಳ ಉಸಿರು ಕೊಟ್ಟೆ.

ಟೋಪಿಯ ಕಟ್ಟು ಬಿಚ್ಚಿದೆ. ಬದುಕಿರುವ ಮಗುವನ್ನು ಮುಟ್ಟಬಾರದೆಂಬ ನಿಯಮ ಆಗ ಯಾರಿಗೂ ನೆನಪಾಗಲಿಲ್ಲ. ಎಷ್ಟೋ ದಿನದ ಮೇಲೆ ನನ್ನ ಕೈ ಅವಳ ಕೆನ್ನೆಗೆ ತಾಗಿತ್ತು. ಎತ್ತಿಕೊಳ್ಳಲು ಬಂದೆನೆಂದು ಅವಳು ಎರಡೂ ತೋಳು ಚಾಚಿದಳು. ನಾನು ಹೊಳ್ಳೆಯಿಂದ ಪೈಪು ಎಳೆದುಕೊಂಡೆ. ಬಾಟಲಿಯಲ್ಲಿ ಗುಳ್ಳೆ ನಿಂತಿತು.

ತೊಳೆಯುವ ಕೋಣೆಗೆ ಹೋದೆ. ಉಜ್ಜಿದೆ. ಕ್ಲೋರಿನ್ ನೀರಿಗೆ ಹಾಕಿದೆ. ಗೋಡೆಯ ಗಡಿಯಾರ ನೋಡುತ್ತ ನಿಂತೆ. ಐದು ನಿಮಿಷಕ್ಕೆ ಆಚೆಯಿಂದ ಆ ಸದ್ದು ಶುರುವಾಯಿತು. ಹ್ಞೂಂ. ಹ್ಞೂಂ. ಒಂದೊಂದು ಉಸಿರಿಗೂ ಒಂದು ನರಳು. ಆ ಸದ್ದು ನನಗೆ ಗೊತ್ತು. ಕೆಳಗಿನ ಕೋಣೆಗೆ ನಾನು ಎತ್ತಿಕೊಂಡು ಹೋದ ಮಕ್ಕಳು ಹಿಂದಿನ ದಿನ ಹಾಗೆ ನರಳಿರುತ್ತಾರೆ.

ಹತ್ತು ನಿಮಿಷಕ್ಕೇ ತೆಗೆಯಬಹುದಿತ್ತು. ಓಡಿಹೋಗಿ ಮಗಳಿಗೇ ಹಾಕಬಹುದಿತ್ತು. ನಾನು ಪೂರಾ ಇಪ್ಪತ್ತು ನಿಮಿಷ ನಿಂತೆ. ಶೇಖರ ಮೊಮ್ಮಗನಿಗೆ ಸೋಂಕು ತಗುಲಬಾರದಲ್ಲ. ಮೂರು ಸಲ ಜಾಲಿಸಿದೆ. ಒಂದು ಸಲವೂ ಕಡಿಮೆ ಮಾಡಲಿಲ್ಲ.

ತಂದುಕೊಟ್ಟೆ. ಸಬ್ರಿಯಾ ಅಸೀಲನ ಮೂಗಿಗೆ ಹಾಕಲು ಹೋದಳು. ಅವನು ಕಾಲು ಬಡಿದ, ಕಿತ್ತೆಸೆಯಲು ನೋಡಿದ. ಬೇಡವಾದವನಿಗೆ ಹಾಕುತ್ತಿದ್ದರು. ನಾನು ಮೂರನೇ ಮಂಚದ ಕಡೆ ನೋಡಿದೆ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಒಂದೊಂದು ಉಸಿರಿಗೂ ತಲೆ ಮೇಲೆ ಕೆಳಗೆ ಆಡುತ್ತಿತ್ತು. ಮಾಮೂಲಿ ಪೈಪು ಮೂಗಿನಲ್ಲಿ ಸುಮ್ಮನೆ ಇತ್ತು.

ನನ್ನನ್ನು ಕಂಡು ಅವಳು ಕರೆದಳು. ಎಲ್ಲಿತ್ತೋ ಆ ದನಿ. ಒಡೆದ ಮಡಕೆಯ ದನಿ.

"ಅಮ್ಮಾ."

ಕೈ ನನ್ನತ್ತ ಚಾಚಿತ್ತು. ಆ ದಿಕ್ಕಿನಲ್ಲಿ ಬೇರೆ ಹೆಂಗಸು ಇರಲಿಲ್ಲ. ಅಜ್ಜಿ ಮಗುವನ್ನು ನೋಡಿದಳು. ನನ್ನನ್ನು ನೋಡಿದಳು.

"ಇದು ನಿಂದಾ?"

ನಾನು ಮೂರನೇ ಮಂಚದ ಕಡೆ ಒಂದು ಹೆಜ್ಜೆ ಇಟ್ಟೆ.

"ನಿಂದೇನೇ ಇದು?"

"ನಂದು ಹಜ್ಜಾ."

ಅವಳು ಸಬ್ರಿಯಾಳ ಕೈಯಿಂದ ಪೈಪನ್ನು ಕಸಿದು ನೆಲಕ್ಕೆ ಬಿಸಾಕಿದಳು. "ಖಾದಿಮರ ಕೂಸಿನ ಸಿಂಬಳ ನನ್ನ ಮೊಮ್ಮಗನ ಮೂಗಿಗಾ? ನಾಯಿ ಮುಟ್ಟಿದ ತಟ್ಟೆ ತೊಳಿ, ಖಾದಿಮ ಮುಟ್ಟಿದ ತಟ್ಟೆ ಒಡಿ ಅಂತ ಹಿರಿಯರು ಸುಮ್ನೆ ಅಂದ್ರಾ? ಸಾಹೇಬ್ರನ್ನ ಕರಿ! ಈಗ್ಲೇ ಕರಿ!"

ಸಬ್ರಿಯಾ ಫೋನು ಮಾಡಿದಳು. ಉಗ್ರಾಣದವನು ಪೆಟ್ಟಿಗೆ ಹಿಡಿದು ಬಂದ. ಅದೇ ಪೆಟ್ಟಿಗೆ, ಅದೇ ಚಿತ್ರ. ಒಳಗೆ ನಾಲ್ಕು ಹೊಸ ಸೆಟ್ಟು. ಬರಲು ಹಿಡಿದದ್ದು ಐದು ನಿಮಿಷ. ಒಂದನ್ನು ಬಿಡಿಸಿ ಅಸೀಲನಿಗೆ ಹಾಕಿದರು. ಉಳಿದ ಮೂರನ್ನು ಮುಚ್ಚಿ ವಾಪಸು ಒಯ್ದರು. ಮೂರನೇ ಮಂಚದ ಕಡೆ ಒಬ್ಬರೂ ತಿರುಗಲಿಲ್ಲ.

"ನೆಲದ್ದನ್ನ ಕಸದ ಬುಟ್ಟಿಗೆ ಹಾಕು," ಎಂದಳು ಸಬ್ರಿಯಾ.

ನಾನು ಎತ್ತಿಕೊಂಡೆ. ಬುಟ್ಟಿಗೆ ಹಾಕಲಿಲ್ಲ. ಕಾಯಿಸಿದ ನೀರಿನಲ್ಲಿ ಜಾಲಿಸಿದೆ. ಮಾಮೂಲಿ ಪೈಪು ತೆಗೆದೆ, ಮಗಳ ಟೋಪಿ ಸರಿ ಮಾಡಿದೆ, ಕವಲನ್ನು ಹೊಳ್ಳೆಗೆ ಸೇರಿಸಿದೆ, ಕಟ್ಟು ಬಿಗಿದೆ. ತುದಿಯನ್ನು ಬಾಟಲಿಯ ಗೆರೆಯವರೆಗೆ ಇಳಿಸಿದೆ. ಒಂಬತ್ತು ವರ್ಷ ನೋಡಿದ್ದೆ. ಕಣ್ಣು ಕಟ್ಟಿದ್ದರೂ ಮಾಡುತ್ತಿದ್ದೆ.

"ಏನೇ ಮಾಡ್ತಿದೀಯ? ಯಾರು ಹೇಳಿದ್ದು ನಿಂಗೆ?"

"ಯಾರೂ ಹೇಳಿಲ್ಲ."

"ಕೈ ತೆಗಿ."

"ತೆಗಿಯಲ್ಲ ಸಿಸ್ಟರ್. ಬೇಕಾದ್ರೆ ಬಂದೂಕಿನೋರನ್ನ ಕರೀರಿ."

ಗುಳ್ಳೆ ಏಳಲಿಲ್ಲ. ಗಾಳಿ ಸಾಲದಾಗಿತ್ತು. ಆಕ್ಸಿಜನ್ ತಿರುಪು ಗೋಡೆಯಲ್ಲಿ ಸಬ್ರಿಯಾಳ ಬೆನ್ನ ಹಿಂದೆ ಇತ್ತು. ಅವಳು ನನ್ನನ್ನು ನೋಡಲಿಲ್ಲ. ಮುಖ ಬೇರೆ ಕಡೆ ತಿರುಗಿಸಿಕೊಂಡೇ ಕೈ ಹಿಂದೆ ಮಾಡಿ ತಿರುಪು ತಿರುಗಿಸಿದಳು. ನೀರು ಬುಳುಬುಳು ಎಂದಿತು. ನಾನು ನೆಲದ ಮೇಲೆ ಕೂತು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಏಳು ಎಂದು ಇಬ್ಬರು ಮೂವರು ಬಂದು ಹೇಳಿದರು. ಏಳಲಿಲ್ಲ. ಸಂಜೆಗೆ ನರಳು ನಿಂತಿತು. ಗುಳಿ ತುಂಬಿತು. ನನ್ನ ಮಗಳು ನಿದ್ದೆ ಹೋದಳು.

ಗುರುವಾರ ಡಾಕ್ಟರ್ ಬುಶ್ರಾ ಬಂದರು. ಪಕ್ಕದ ಮಂಚಗಳ ತಾಯಂದಿರಿಂದ ಕೇಳಿ ತಿಳಿದರು. ಅವರು ಸಾಹೇಬರ ಕೋಣೆಯಲ್ಲಿ ಕೂಗಿದ್ದು ಹೊರಗಿನ ಮೆಟ್ಟಿಲವರೆಗೆ ಕೇಳಿಸಿತು. ದೂರು ಬರೆದರು. ವಿಚಾರಣೆ ಎಂದು ಭಾನುವಾರ ನನ್ನನ್ನು ಕರೆದರು.

ಈ ನಡುವೆ ನಮ್ಮ ಕೇರಿಯಲ್ಲಿ ಸುದ್ದಿ ಹರಡಿತ್ತು. ಪೈಪು ತೆಗೆದವಳು ನರ್ಸು ಎಂದು. ಹಾಗೆಂದು ಹೇಳಿದವಳು ನಾನೇ. ಅಯ್ಯಾಶನಿಗೂ ಹಾಗೇ ಹೇಳಿದ್ದೆ. ಅವನು ನನ್ನ ತಲೆ ಸವರಿ, "ನೀನು ಮತ್ತೆ ಹಾಕ್ದೆಯಲ್ಲ, ನೀನು ಗಂಡೆದೆಯೋಳು," ಎಂದಿದ್ದ.

ಮೇಜಿನ ಹಿಂದೆ ಮೂವರು ಗಂಡಸರು. ನಡುವೆ ದೊಡ್ಡ ಸಾಹೇಬರು. ಸಬ್ರಿಯಾ ಗೋಡೆಗೊರಗಿ ನಿಂತಿದ್ದಳು. ಡಾಕ್ಟರ್ ಬುಶ್ರಾ ಒಂದು ಕಡೆ ಕೂತಿದ್ದರು.

"ಮಗುವಿನ ಮೂಗಿಂದ ತೆಗೆದದ್ದು ಯಾರು?"

ನರ್ಸು ಎಂದರೆ ಮುಗಿಯುತ್ತಿತ್ತು. ಸಬ್ರಿಯಾಳ ಕೆಲಸ ಹೋಗುತ್ತಿತ್ತು, ಸಾಹೇಬರು ಕೈ ತೊಳೆದುಕೊಳ್ಳುತ್ತಿದ್ದರು, ನಾನು ಕೇರಿಯಲ್ಲಿ ತಲೆ ಎತ್ತಿ ನಡೆಯುತ್ತಿದ್ದೆ. ಅವಳು ತಿರುಪು ತಿರುಗಿಸಿದ್ದು ಕಣ್ಣಿಗೆ ಬಂತು.

"ನಾನೇ ತೆಗೆದೆ."

ಸಾಹೇಬರ ಮುಖ ಸಡಿಲವಾಯಿತು. "ಸರಿ ಹೋಯ್ತಲ್ಲ. ಬರ್ಕೊಳ್ಳಿ."

"ಇನ್ನೂ ಮುಗಿದಿಲ್ಲ ಸಾಹೇಬ್ರೇ. ನಾನೇ ತೆಗೆದೆ, ನೀವು ತೆಗಿಸಿದ್ದಕ್ಕೆ ತೆಗೆದೆ. ಶೇಖರು ನಿಮಗೆ ಹೇಳಿದ್ರು, ನೀವು ಸಿಸ್ಟರಿಗೆ ಹೇಳಿದ್ರಿ, ಸಿಸ್ಟರ್ ನಂಗೆ ಹೇಳಿದ್ರು. ನಿಮ್ಮ ಉಗ್ರಾಣದಲ್ಲಿ ನಾಲ್ಕು ಹೊಸದು ಇತ್ತು. ನನ್ನ ಮಗಳಿಗೆ ಇಲ್ಲ ಅಂದ್ರಿ. ಆ ಮಗು ಬೇಡ ಅಂತ ಒದ್ದರೂ ಅದಕ್ಕೆ ಐದು ನಿಮಿಷಕ್ಕೆ ಬಂತು. ಇದನ್ನೂ ಬರ್ಕೊಳ್ಳಿ."

ಗುಮಾಸ್ತನ ಪೆನ್ನು ಮೊದಲ ಮಾತಿಗೇ ನಿಂತಿತ್ತು. ಓದು ಎಂದೆ. ಅವನು ಸಾಹೇಬರ ಮುಖ ನೋಡಿ ಓದಿದ. "ಸದರಿ ಉಪಕರಣವನ್ನು ಮಗುವಿನ ತಾಯಿಯೇ ಸ್ವಂತ ಕೈಯಿಂದ ತೆಗೆದಿರುತ್ತಾಳೆ."

"ಅಷ್ಟೇನಾ?"

"ಅಷ್ಟು ಸಾಕು," ಎಂದರು ಸಾಹೇಬರು. "ಹೆಬ್ಬೆಟ್ಟೊತ್ತಿ ಕೆಲಸಕ್ಕೆ ಹೋಗು. ನಿನ್ನ ಮೇಲೆ ಏನೂ ಕ್ರಮ ತಗೊಳಲ್ಲ. ಮಗು ಬದುಕಿದೆ ತಾನೆ? ದೇವ್ರ ದಯೆ ಅಂದ್ಕೋ."

"ಒತ್ತಲ್ಲ."

"ಏನಂದೆ?"

"ಮಿಕ್ಕಿದ್ದು ಬರೀರಿ. ಒತ್ತೀನಿ. ಅರ್ಧಕ್ಕೆ ಒತ್ತಲ್ಲ."

"ಹಾಗಾದ್ರೆ ನಾಳೆಯಿಂದ ಬರ್ಬೇಡ."

ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಅಮಾ ಚಿಕ್ಕಮ್ಮ ಕೂತಿದ್ದಳು. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಜಾಡಮಾಲಿ. ನನಗೆ ಪೊರಕೆ ಹಿಡಿಯಲು ಕಲಿಸಿದವಳು.

"ಏನಾಯ್ತೇ?"

"ಅರ್ಧ ಬರೆದವ್ರೆ ಚಿಕ್ಕಮ್ಮ. ಮಿಕ್ಕಿದ್ದು ಬರೆಯಲ್ಲ ಅಂದ್ರು. ನನ್ನ ತೆಗೆದು ಹಾಕಿದ್ರು."

ಯಾವ ಅರ್ಧ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಎದ್ದಳು. ಮಧ್ಯಾಹ್ನದೊಳಗೆ ಆಸ್ಪತ್ರೆಯ ಹದಿನಾಲ್ಕು ಜನ ಪೊರಕೆ ಇಟ್ಟರು. ಮಾರನೆಯ ದಿನ ಅಯ್ಯಾಶನ ಜೊತೆ ಬೀದಿ ಗುಡಿಸುವವರೂ ಕೆಲಸ ನಿಲ್ಲಿಸಿದರು.

ಎಂಟು ದಿನ. ಆಸ್ಪತ್ರೆಯ ಹಿಂದೆ ಬ್ಯಾಂಡೇಜು ರಾಶಿ ಬಿತ್ತು. ಕಕ್ಕಸು ತುಂಬಿ ಹರಿಯಿತು. ಮಾರುಕಟ್ಟೆಯಲ್ಲಿ ನೊಣ. "ಖಾದಿಮರಿಗೆ ಕೊಬ್ಬು ಬಂತು," ಎಂದು ಊರು ಬೈದಿತು. ಕೇರಿಗೆ ಕಲ್ಲು ಬಿತ್ತು. ನೀರಿನ ಟ್ಯಾಂಕರ್ ನಮ್ಮ ಕಡೆ ಬರುವುದು ನಿಂತಿತು. ಒಣ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ಮಕ್ಕಳಿಗೆ ಕೊಟ್ಟೆವು, ಆಮೇಲೆ ಚಹಾ ಮುಗಿಯಿತು. ಶುರೂಖಳನ್ನು ಡಾಕ್ಟರು ಮನೆಗೆ ಕಳಿಸಿದ್ದರು. ಹೆಂಗಸರು ನನ್ನ ಗುಡಿಸಲಿಗೆ ಬಂದು ಅವಳ ಎದೆಯ ಮೇಲೆ ಕೈಯಿಟ್ಟು ಉಸಿರು ನೋಡಿ ಹೋಗುತ್ತಿದ್ದರು. "ಆ ನರ್ಸಿನ ಕೈ ಸೇದಿ ಹೋಗ್ಲಿ," ಎಂದು ಶಪಿಸುತ್ತಿದ್ದರು. ನಾನು ನನ್ನ ಕೈಗಳನ್ನು ಮುಸುಕಿನೊಳಗೆ ಇಟ್ಟುಕೊಳ್ಳುತ್ತಿದ್ದೆ. ಹೇಳಬೇಕೆಂದು ಪ್ರತಿದಿನ ಅಂದುಕೊಂಡೆ. ಪ್ರತಿದಿನ ಹೇಳಲಿಲ್ಲ.

ಒಂಬತ್ತನೇ ದಿನ ಗುಮಾಸ್ತ ಕೇರಿಗೆ ಬಂದ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಜೊತೆಗೆ ಡಾಕ್ಟರ್ ಬುಶ್ರಾ. ಅವರ ಮೂಗಿಗೆ ಬಟ್ಟೆ ಇರಲಿಲ್ಲ.

"ಪೂರ್ತಿ ಬರೆದಿದಾರೆ ಖುಬೂಲ್," ಎಂದರು. "ಪೆಟ್ಟಿಗೆ ವಾರ್ಡಿಗೆ ಬಂದಿದೆ. ನಿನ್ನ ಕೆಲಸದ ವಿಷ್ಯ ಮಾತ್ರ ಅವ್ರು ಒಪ್ಪಿಲ್ಲ. ಅದಕ್ಕೆ ಇನ್ನೂ ಬಡಿದಾಡ್ಬೇಕು."

"ಗಟ್ಟಿಯಾಗಿ ಓದು ಮಾರಾಯ," ಎಂದಳು ನಿಅಮಾ ಚಿಕ್ಕಮ್ಮ. "ಎಲ್ರಿಗೂ ಕೇಳ್ಲಿ. ನಮ್ಮ ಮಾತು ಸರ್ಕಾರಿ ಕಾಗದದಲ್ಲಿ ಬಂದದ್ದು ಇದೇ ಮೊದಲು."

ಇಡೀ ಕೇರಿ ಸುತ್ತ ನಿಂತಿತ್ತು. ಗುಮಾಸ್ತ ಓದಿದ. "ಸದರಿ ಉಪಕರಣವನ್ನು ಮಗುವಿನ ತಾಯಿಯೇ ಸ್ವಂತ ಕೈಯಿಂದ ತೆಗೆದಿರುತ್ತಾಳೆ." ಆಮೇಲೆ ಸಾಹೇಬರ ಅಪ್ಪಣೆ ಬಂತು, ಉಗ್ರಾಣ ಬಂತು, ನಾಲ್ಕು ಸೆಟ್ಟು ಬಂತು. ಯಾರೂ ಕೇಳಿಸಿಕೊಳ್ಳಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ನೀನಾ?" ಎಂದ ಅಯ್ಯಾಶ್.

"ನಾನೇ."

"ನರ್ಸು ತೆಗೆದ್ಲು ಅಂದಿದ್ದೆ."

"ಸುಳ್ಳು ಹೇಳಿದ್ದೆ. ತೆಗೆದು ತೊಳೆದೂ ಕೊಟ್ಟೆ."

ಪಕ್ಕದ ಗುಡಿಸಲಿನ ಜಹ್ರಾ ನೆಲಕ್ಕೆ ಉಗಿದಳು. "ಇದಕ್ಕಾ ನನ್ನ ಮಕ್ಕಳು ಎಂಟು ದಿನ ಉಪವಾಸ ಇದ್ದಿದ್ದು? ಹೆತ್ತ ತಾಯಿ ಅಂತೆ. ಥೂ."

ಶುರೂಖ್ ಅಪ್ಪನ ತೋಳಿನಲ್ಲಿದ್ದಳು. ಅವನು ಅವಳನ್ನು ನನ್ನಿಂದ ಸ್ವಲ್ಪ ಆಚೆಗೆ ತಿರುಗಿಸಿಕೊಂಡ.

ನಿಅಮಾ ಚಿಕ್ಕಮ್ಮ ಮುಂದೆ ಬಂದಳು. ನನ್ನ ಪರವಾಗಿ ಮಾತಾಡುತ್ತಾಳೆ ಎಂದುಕೊಂಡೆ. ಅವಳು ನನ್ನ ಕಡೆ ನೋಡಲೂ ಇಲ್ಲ.

"ನೀವು ಅಲ್ಲಿ ನಿಂತಿದ್ರೆ ಯಾರ್ಯಾರು ತೆಗೀತಿರ್ಲಿಲ್ಲ?" ಎಂದು ಜನರನ್ನು ಕೇಳಿದಳು. "ಸುಳ್ಳು ಬೇಡ. ಕೈ ಎತ್ರಿ."

ಜಹ್ರಾ ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅಯ್ಯಾಶನ ಕೈ ಎದೆಯವರೆಗೆ ಎದ್ದಿತು. ಅವನು ಅದನ್ನೇ ನೋಡಿದ. ಚರಂಡಿಯ ಮಣ್ಣು ಉಗುರಿನಲ್ಲಿ ಇನ್ನೂ ಇತ್ತು. ಕೆಳಗೆ ಬಿಟ್ಟ. ಚಿಕ್ಕಮ್ಮನ ಎರಡೂ ಕೈ ಕೆಳಗೇ ಇದ್ದವು.

ಒಂದು ಕೈಯೂ ಮೇಲೇಳಲಿಲ್ಲ.

ಗುಮಾಸ್ತ ಮಸಿಯ ಡಬ್ಬಿ ತೆರೆದು ಕಾಗದ ಚಾಚಿದ. ಎಲ್ಲರೂ ನೋಡುತ್ತಿದ್ದ ಹಾಗೆ ನಾನು ಹೆಬ್ಬೆಟ್ಟು ಒತ್ತಿದೆ.